ಮಗಳನ್ನು ಫಾರ್ಮಸಿಗೆ ಸೇರಿಸೋ ಮುಂಚೆ: ಮಧುಗಿರಿಯ ಗೆಳೆಯನಿಗೊಂದು ಪತ್ರ

ತುಮಕೂರು

ಪ್ರೀತಿಯ ಮಂಜುನಾಥ,

ಚೈತ್ರಾಗೆ ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸೇ ಬಂದಿದೆ, ನೀಟ್ ಕೈಕೊಟ್ಟಿದೆ, ಫಾರ್ಮಸಿ ಹೇಗೆ ಅಂತ ಕೇಳಿದ್ದೀಯ. ಜೊತೆಗೆ, "ಏನೂ ಆಗದಿದ್ರೆ ಸರ್ಟಿಫಿಕೇಟ್ ಯಾವುದಾದ್ರೂ ಮೆಡಿಕಲ್ಸಿಗೆ ಕೊಟ್ಟರೆ ಮನೇಲಿ ಕೂತೇ ತಿಂಗಳ ಬಾಡಿಗೆ ಬರುತ್ತಂತೆ" ಅಂತಲೂ ಬರೆದಿದ್ದೀಯ. ಮೊದಲು ಅದನ್ನೇ ಮುಗಿಸಿಬಿಡ್ತೀನಿ.

ಆ ಲೆಕ್ಕ ತಲೆಯಿಂದ ತೆಗೆದುಹಾಕು. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಡಾಕ್ಟರ ಚೀಟಿ ನೋಡಿ ಔಷಧಿ ಕೊಡೋ ಹಕ್ಕು ನೋಂದಾಯಿತ ಫಾರ್ಮಸಿಸ್ಟಿಗೆ ಮಾತ್ರ. ಅಂಗಡಿ ತುಮಕೂರಿನ ಶಿರಾ ಗೇಟಿನಲ್ಲಿ, ಚೈತ್ರಾ ಮಧುಗಿರಿಯಲ್ಲಿ, ಕೌಂಟರಿನಲ್ಲಿ ಎಸ್ಸೆಸ್ಸೆಲ್ಸಿ ಓದಿದ ಹುಡುಗ. ಅವನು ತಪ್ಪು ಮಾತ್ರೆ ಕೊಟ್ಟು ಯಾರಿಗಾದ್ರೂ ಹೆಚ್ಚುಕಮ್ಮಿ ಆದರೆ, ದಾಖಲೆ ಪ್ರಕಾರ ಅದು ಚೈತ್ರಾಳ ಉಸ್ತುವಾರಿಯಲ್ಲಿ ಕೊಟ್ಟ ಔಷಧಿ. ಡ್ರಗ್ಸ್ ಇನ್‌ಸ್ಪೆಕ್ಟರ್ ಬಂದಾಗ ಫಾರ್ಮಸಿಸ್ಟ್ ಇಲ್ಲದಿದ್ದರೆ ಅಂಗಡಿಯ ಲೈಸೆನ್ಸ್ ಅಮಾನತಾಗಬಹುದು. ದೂರು ಫಾರ್ಮಸಿ ಕೌನ್ಸಿಲ್‌ವರೆಗೆ ಹೋದರೆ ರಿಜಿಸ್ಟರಿನಿಂದ ಅವಳ ಹೆಸರನ್ನೇ ತೆಗೆಯಬಹುದು. ಗೋಡೆಗೆ ನೇತುಹಾಕೋದಕ್ಕೇ ಓದಿಸೋದಾದ್ರೆ ಬೇರೆ ಏನನ್ನಾದ್ರೂ ಓದಿಸು.

ನಿಂತು ಕೆಲಸ ಮಾಡ್ತಾಳೆ ಅನ್ನೋದಾದ್ರೆ ಮಾತು ಬೇರೆ. ಆಗ ಕೋರ್ಸ್ ಯಾವುದು ಅನ್ನೋದಕ್ಕಿಂತ ಮುಂಚೆ ಎಲ್ಲಿ ನಿಲ್ತಾಳೆ ಅಂತ ಕೇಳು: ಕೌಂಟರಾ, ಫ್ಯಾಕ್ಟರಿನಾ, ಆಸ್ಪತ್ರೆನಾ?

ಕೌಂಟರ್ ಕೆಲಸ ಅಂದ್ರೆ ಸ್ಟ್ರಿಪ್ ಹರಿದು ಕವರಿಗೆ ಹಾಕೋದು ಅಂತ ನೀನು ಅಂದುಕೊಂಡಿರಬಹುದು. ಒಂದು ಲೆಕ್ಕ ಹೇಳ್ತೀನಿ ನೋಡು. ಹತ್ತು ಕಿಲೋ ತೂಕದ ಮಗುವಿಗೆ ಜ್ವರ. ಕಿಲೋಗೆ 15 ಮಿ.ಗ್ರಾಂ. ಅಂದ್ರೆ ಒಂದು ಸಲಕ್ಕೆ 150 ಮಿ.ಗ್ರಾಂ. ಪ್ಯಾರಸಿಟಮಾಲ್. ಅಂಗಡಿಯಲ್ಲಿ ಅದೇ ಔಷಧಿ ಮೂರು ಥರ ಇರುತ್ತೆ: 5 ಮಿ.ಲೀ.ಗೆ 125 ಮಿ.ಗ್ರಾಂ. ಇರೋ ಸಿರಪ್, 5 ಮಿ.ಲೀ.ಗೆ 250 ಇರೋ ಸಿರಪ್, 1 ಮಿ.ಲೀ.ಗೇ 100 ಇರೋ ಡ್ರಾಪ್ಸ್. ಮೊದಲನೆಯದರಲ್ಲಿ 6 ಮಿ.ಲೀ. ಕೊಡಬೇಕು, ಎರಡನೆಯದರಲ್ಲಿ 3, ಡ್ರಾಪ್ಸಲ್ಲಿ ಬರೀ ಒಂದೂವರೆ. ತಾಯಿ "ಹೋದ ಸಲ 5 ಎಂಎಲ್ ಹಾಕಿದ್ದೆ" ಅಂತ ಡ್ರಾಪ್ಸನ್ನೂ ಹಾಗೇ ಕುಡಿಸಿದರೆ ಮಗುವಿನ ಹೊಟ್ಟೆಗೆ 500 ಮಿ.ಗ್ರಾಂ. ಹೋಯ್ತು. ದಿನಕ್ಕೆ ನಾಲ್ಕು ಸಲ ಹೀಗಾದ್ರೆ ಲಿವರಿಗೇ ಪೆಟ್ಟು. ಬಾಟಲಿ ಮೇಲೆ ಬರೆದಿರುತ್ತೆ, ನಿಜ, ಆದರೆ ರಾತ್ರಿ ಒಂಬತ್ತಕ್ಕೆ ಅಳೋ ಮಗೂನ ಎತ್ತಿಕೊಂಡು ಬಂದವಳು ಅದನ್ನ ಓದಲ್ಲ. ಓದಿ ಹೇಳಬೇಕಾದವಳು ಫಾರ್ಮಸಿಸ್ಟ್.

ಇನ್ಸುಲಿನ್ನೂ ಹಾಗೇ. ನಮ್ಮಲ್ಲಿ ವಯಲ್ಲು, ಅಂದ್ರೆ ಚಿಕ್ಕ ಬಾಟಲಿ, ಸಾಮಾನ್ಯವಾಗಿ 1 ಮಿ.ಲೀ.ಗೆ 40 ಯೂನಿಟ್, ಪೆನ್ನಿಗೆ ಹಾಕೋ ಕಾರ್ಟ್ರಿಡ್ಜ್ 100 ಯೂನಿಟ್. ಸಿರಿಂಜಲ್ಲೂ ಎರಡಿದೆ, ಕೆಂಪು ಕ್ಯಾಪಿನದು 40ಕ್ಕೆ, ಕಿತ್ತಳೆ ಕ್ಯಾಪಿನದು 100ಕ್ಕೆ. ಪೆನ್ ಕೆಟ್ಟಿದೆ ಅಂತ ಕಾರ್ಟ್ರಿಡ್ಜಿನಿಂದ ಕೆಂಪು ಕ್ಯಾಪಿನ ಸಿರಿಂಜಲ್ಲಿ 20ರ ಗೆರೆವರೆಗೆ ಎಳೆದುಕೊಂಡರೆ ಒಳಗೆ ಹೋಗೋದು 50 ಯೂನಿಟ್. ಎರಡೂವರೆ ಪಟ್ಟು! ಸಕ್ಕರೆ ಕಾಯಿಲೆಯ ಮಾತ್ರೆ ಗ್ಲೈಕೋಮೆಟ್ 500 ಬರೆದಿರೋ ಕಡೆ ಗ್ಲೈಕೋಮೆಟ್-ಜಿಪಿ 1 ಕೊಟ್ಟರೂ ಗ್ರಹಚಾರವೇ, ಯಾಕಂದ್ರೆ ಆ ಎರಡು ಅಕ್ಷರದಲ್ಲಿ ಗ್ಲಿಮಿಪಿರೈಡ್ ಅನ್ನೋ, ಸಕ್ಕರೆ ಇಳಿಸೋ ಇನ್ನೊಂದು ಔಷಧಿ ಕೂತಿದೆ. ಬೆಳಗ್ಗೆ ತಿಂಡಿ ತಿನ್ನದೆ ಅದನ್ನ ನುಂಗಿದ ಅಜ್ಜಿ ಬೆವತು, ಕೈಕಾಲು ನಡುಗಿ ಬೀಳಬಹುದು.

ಇನ್ನು ದಿನದ ಚಾಕರಿ. ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರು, ಎಕ್ಸ್‌ಪೈರಿ ಇರೋ ತುದಿ ಕೊನೆಗೆ ಉಳಿಯೋ ಹಾಗೆ ಕತ್ತರಿಸಬೇಕು. ಖಾಲಿಯಾದದ್ದನ್ನು ಆಗಿಂದಾಗ್ಗೆ ಶಾರ್ಟ್ ಬುಕ್ಕಲ್ಲಿ ಬರೀಬೇಕು. ಸೆಫಿಕ್ಸಿಮ್, ಟ್ರಮಡಾಲ್, ಆಲ್‌ಪ್ರಜೋಲಮ್ ಥರದ, ಚೀಟಿ ಇಲ್ಲದೆ ಕೊಡಲೇಬಾರದ ಎಚ್1 ಪಟ್ಟಿಯ ಔಷಧಿಗೆ ಬೇರೆ ರಿಜಿಸ್ಟರ್. ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿದ್ದು, ಎಲ್ಲ ಬರೆದು ಮೂರು ವರ್ಷ ಇಟ್ಟಿರಬೇಕು. "ಚೀಟಿ ಇಲ್ಲ, ಎರಡು ನಿದ್ದೆ ಮಾತ್ರೆ ಕೊಡಿ" ಅಂತ ಪರಿಚಯದವರೇ ಬಂದಾಗ ಇಲ್ಲ ಅನ್ನೋ ಗಟ್ಟಿತನ ಬೇಕು. ನಮ್ಮ ಊರುಗಳಲ್ಲಿ ಎಲ್ಲರೂ ಪರಿಚಯದವರೇ ಅಲ್ವಾ, ಕಷ್ಟ ಇರೋದೇ ಅಲ್ಲಿ. ದಿನವಿಡೀ ನಿಂತೇ ಇರಬೇಕು ಅನ್ನೋದನ್ನೂ ಅವಳಿಗೆ ಮೊದಲೇ ಹೇಳು.

ಈಗ ಕೋರ್ಸ್. ಡಿ.ಫಾರ್ಮ ಅಂದ್ರೆ ಡಿಪ್ಲೊಮಾ, ಎರಡು ವರ್ಷ, ಅದಾದ ಮೇಲೆ 500 ಗಂಟೆ ಟ್ರೈನಿಂಗ್, ಮೂರು ತಿಂಗಳಿಗೆ ಕಮ್ಮಿ ಇಲ್ಲದ ಹಾಗೆ, ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧಿ ಕೊಡೋ ಕೆಲಸವೇ ಆಗಿರಬೇಕು. ಡಿಪ್ಲೊಮಾದವರು ಕೋರ್ಸ್ ಮುಗಿಸಿ ರಿಜಿಸ್ಟರ್ ಆಗೋ ಮುಂಚೆ ಬರೆಯೋ ಎಕ್ಸಿಟ್ ಪರೀಕ್ಷೆಯ ನಿಯಮವೂ ಬಂದಿದೆ, 2022ರಲ್ಲಿ ಮಾಡಿದ್ದು. ಅದನ್ನ ಲೆಕ್ಕಕ್ಕಿಟ್ಟುಕೊಂಡೇ ಸೇರಿಸು. ಮೆಡಿಕಲ್ ಸ್ಟೋರ್ ಇಡೋದಕ್ಕೆ, ಅಲ್ಲಿ ಕೆಲಸಕ್ಕೆ, ಡಿ.ಫಾರ್ಮ ಸಾಕು. ಬಿ.ಫಾರ್ಮ ಅಂದ್ರೆ ಡಿಗ್ರಿ, ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಇದಕ್ಕೆ ನೀಟ್ ಬೇಡ, ಸಿಇಟಿ ಸಾಕು. ಪಿಯುಸಿಯಲ್ಲಿ ಮ್ಯಾಥ್ಸ್ ಇಲ್ಲದೆ ಪಿಸಿಬಿ ಓದಿದವರಿಗೆ ಮೊದಲ ಸೆಮಿಸ್ಟರಿನಲ್ಲಿ ರೆಮಿಡಿಯಲ್ ಮ್ಯಾಥ್ಸ್ ಇರುತ್ತೆ, ಹೆದರೋದು ಬೇಡ. ಅಸಲಿ ಕಷ್ಟ ಕೊಡೋದು ಕೆಮಿಸ್ಟ್ರಿ. ಆರ್ಗ್ಯಾನಿಕ್ಕೇ ಮೂರು ಸೆಮಿಸ್ಟರ್, ಆಮೇಲೆ ಮೆಡಿಸಿನಲ್ ಕೆಮಿಸ್ಟ್ರಿ ಬೇರೆ. ಬಯಾಲಜಿ ಇಷ್ಟ, ಕೆಮಿಸ್ಟ್ರಿ ಅಂದ್ರೆ ಅಲರ್ಜಿ ಅನ್ನೋ ಮಕ್ಕಳು ಇಲ್ಲೇ ಬ್ಯಾಕ್ ಉಳಿಸಿಕೊಳ್ಳೋದು. ಚೈತ್ರಾಳ ಕೆಮಿಸ್ಟ್ರಿ ಮಾರ್ಕ್ಸ್ ಎಷ್ಟು ಅಂತ ನೀನು ಬರೆದೇ ಇಲ್ಲ.

ದುಡ್ಡಿಗೆ ತೊಂದರೆ ಇದ್ದರೆ ಡಿ.ಫಾರ್ಮ ಮುಗಿಸಿ ಬಿ.ಫಾರ್ಮ ಎರಡನೇ ವರ್ಷಕ್ಕೆ ಲ್ಯಾಟರಲ್ ಸೇರಬಹುದು. ಒಟ್ಟು ಒಂದು ವರ್ಷ ಜಾಸ್ತಿ ಆಗುತ್ತೆ, ಆದರೆ ನಡುವೆ ನಿಂತರೂ ಕೈಯಲ್ಲಿ ಒಂದು ಕೆಲಸ ಇರುತ್ತೆ. ಫಾರ್ಮ್.ಡಿ ಆರು ವರ್ಷ. ಹೆಸರಿನ ಮುಂದೆ ಡಾಕ್ಟರ್ ಅಂತ ಬರೆಯೋ ಆಸೆಗೆ ಸೇರೋರೇ ಜಾಸ್ತಿ. ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ವಾರ್ಡಿನಲ್ಲಿ ರೋಗಿಯ ಔಷಧಿ ಪರಿಶೀಲಿಸೋ ಕ್ಲಿನಿಕಲ್ ಫಾರ್ಮಸಿಸ್ಟ್ ಅಂತಲೇ ಕೆಲಸ ಸಿಗೋದು ಅಪರೂಪ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೋ, ಔಷಧಿಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡೋ ಫಾರ್ಮಕೋವಿಜಿಲೆನ್ಸ್ ಕಂಪನಿಗೋ ಹೋಗಬೇಕು. ನನ್ನನ್ನ ಕೇಳಿದರೆ, ಆರು ವರ್ಷದ ಫೀಸು ನಿನಗೆ ಭಾರ ಅನ್ನಿಸಿದರೆ ಅದು ಬೇಡ.

ಫ್ಯಾಕ್ಟರಿಗೆ ಬಿ.ಫಾರ್ಮ ಬೇಕು. ಪೀಣ್ಯ, ಮಾಕಳಿ ಕಡೆ ತುಮಕೂರಿನಿಂದ ದಿನಾ ಓಡಾಡೋರೂ ಇದ್ದಾರೆ. ಮಾತ್ರೆ ಒತ್ತೋ ಮೆಷಿನ್ ಪಕ್ಕ ನಿಂತು ಆಗಾಗ ತೂಕ ನೋಡಬೇಕು. ಔಷಧಿಗಳ ಗುಣಮಟ್ಟ ಹೇಳೋ ಸರ್ಕಾರಿ ಗ್ರಂಥ ಇಂಡಿಯನ್ ಫಾರ್ಮಕೋಪಿಯ ಪ್ರಕಾರ 20 ಮಾತ್ರೆ ತೂಗಬೇಕು, ಸರಾಸರಿ 250 ಮಿ.ಗ್ರಾಂ. ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 5 ಪರ್ಸೆಂಟಿನ ಆಚೆ ಎರಡಕ್ಕಿಂತ ಹೆಚ್ಚು ಮಾತ್ರೆ ಹೋಗಬಾರದು, 10ರ ಆಚೆ ಒಂದೂ ಹೋಗಬಾರದು. ಮಾತ್ರೆಯಾಗಿ ಒತ್ತೋ ಹರಳು, ಅಂದ್ರೆ ಗ್ರ್ಯಾನ್ಯೂಲ್, ತೀರಾ ಒಣಗಿದ್ದರೆ ಮಾತ್ರೆಯ ಮೇಲಿನ ಪದರ ಟೋಪಿ ಥರ ಕಳಚಿಕೊಳ್ಳುತ್ತೆ, ಹಸಿ ಇದ್ದರೆ ಮೆಷಿನ್ನಿನ ಒತ್ತೋ ಭಾಗಕ್ಕೇ, ಅಂದ್ರೆ ಪಂಚಿಗೇ, ಅಂಟಿಕೊಳ್ಳುತ್ತೆ. ಏನೇ ಆದರೂ ಆ ಕ್ಷಣವೇ ಬರೀಬೇಕು, ಆಮೇಲೆ ನೆನಪಿಸಿಕೊಂಡು ಬರೆದರೆ ಆಡಿಟ್‌ನಲ್ಲಿ ಸಿಕ್ಕಿಬೀಳ್ತಾರೆ. ಶಿಫ್ಟ್ ಇರುತ್ತೆ, ಶುರುವಿನ ಸಂಬಳ ಕಮ್ಮಿ. ಔಷಧಿಯಲ್ಲಿ ಏನೇನು ಎಷ್ಟೆಷ್ಟಿದೆ ಅಂತ ಅಳೆಯೋ ಎಚ್‌ಪಿಎಲ್‌ಸಿ ಮೆಷಿನ್ ಮೇಲೆ ಕೈ ಕೂತ, ಕ್ಯೂಸಿಯ (ಗುಣಮಟ್ಟ ಪರೀಕ್ಷೆ ವಿಭಾಗದ) ಹುಡುಗಿಗೆ ಮಾತ್ರ ಬೇಗ ಬೆಲೆ ಬರುತ್ತೆ. ಸರ್ಕಾರಿ ಕೆಲಸದ ಆಸೆ ಇದ್ದರೆ ಇಷ್ಟು ತಿಳಿದಿರು: ಡ್ರಗ್ಸ್ ಇನ್‌ಸ್ಪೆಕ್ಟರ್ ಆಗೋಕೆ ಡಿಪ್ಲೊಮಾ ನಡೆಯಲ್ಲ, ಡಿಗ್ರಿಯೇ ಬೇಕು.

"ಮುಂದೆ ನಾವೇ ಒಂದು ಮೆಡಿಕಲ್ಸ್ ಇಟ್ಟುಬಿಡೋಣ" ಅಂತಿದ್ದೀಯಲ್ಲ, ಅದರ ಲೆಕ್ಕ ಕೇಳು. ಜಾಗ ಕನಿಷ್ಠ 10 ಚದರ ಮೀಟರ್, ಫ್ರಿಜ್ ಇರಲೇಬೇಕು, ಫಾರಂ 20 ಮತ್ತು 21ರ ಲೈಸೆನ್ಸ್ ಬೇಕು. ಅಂಗಡಿಯವನಿಗೆ ಸಿಗೋ ಮಾರ್ಜಿನ್ನು ಬೆಲೆ ನಿಯಂತ್ರಣದ ಔಷಧಿಗೆ 16, ಉಳಿದವಕ್ಕೆ ವಾಡಿಕೆಯಂತೆ 20 ಪರ್ಸೆಂಟ್. ಸರಾಸರಿ 18 ಅಂತ ಹಿಡಿ. ದಿನಕ್ಕೆ 10,000 ವ್ಯಾಪಾರ ಆದರೆ 1,800. ಪಕ್ಕದವನು ಕೊಡ್ತಾನೆ ಅಂತ ನೀನೂ 10 ಪರ್ಸೆಂಟ್ ಡಿಸ್ಕೌಂಟ್ ಕೊಟ್ಟರೆ ಉಳಿಯೋದು 800, ತಿಂಗಳಿಗೆ 24,000. ಬಾಡಿಗೆ, ಕರೆಂಟು, ಹುಡುಗನ ಸಂಬಳ ಎಲ್ಲ ಅದರಲ್ಲೇ. ಸ್ಕೀಮ್ ಆಸೆಗೆ ಜಾಸ್ತಿ ತುಂಬಿಸಿಕೊಂಡ ಮಾಲು ಎಕ್ಸ್‌ಪೈರಿ ಆದರೆ ಆ ದುಡ್ಡೂ ಹೋಯ್ತು. ಡಾಕ್ಟರ ಕ್ಲಿನಿಕ್ ಪಕ್ಕ ಜಾಗ ಸಿಗದಿದ್ದರೆ ಈ 10,000 ಕೂಡ ಸುಲಭ ಅಲ್ಲ.

ಕಾಲೇಜು ನೋಡೋಕೆ ಹೋದಾಗ ಕಟ್ಟಡಕ್ಕೆ ಮಾರುಹೋಗಬೇಡ. ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾದ ಪಟ್ಟಿಯಲ್ಲಿ ಆ ಕಾಲೇಜು, ಆ ಕೋರ್ಸ್, ಈ ವರ್ಷ ಇದೆಯಾ ಅಂತ ಮೂರನ್ನೂ ನೋಡು. ಡಿ.ಫಾರ್ಮಗೆ ಮಾತ್ರ ಅನುಮತಿ ಇಟ್ಟುಕೊಂಡು ಬಿ.ಫಾರ್ಮಗೂ ಅಡ್ವಾನ್ಸ್ ಕೇಳಿದರೆ ಎದ್ದು ಬಂದುಬಿಡು. ಲ್ಯಾಬಿಗೆ ಹೋಗಿ, ಮಾತ್ರೆ ಎಷ್ಟು ಬೇಗ ಕರಗುತ್ತೆ ಅಂತ ನೋಡೋ ಡಿಸಲ್ಯೂಷನ್ ಮೆಷಿನ್ನಿನ ಸ್ವಿಚ್ ಹಾಕಿಸಿ ನೋಡು, ಧೂಳು ಹಿಡಿದಿದ್ದರೆ ನಿನಗೇ ಗೊತ್ತಾಗುತ್ತೆ. "ಕ್ಲಾಸಿಗೆ ಬರದಿದ್ರೂ ಅಟೆಂಡೆನ್ಸ್ ನಾವು ನೋಡ್ಕೋತೀವಿ ಸಾರ್" ಅಂದರೆ ಬ್ಯಾಡಪ್ಪಾ ಅಂತ ಕೈ ಮುಗಿ. ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜನ್ನು ಆಪ್ಷನ್ ಎಂಟ್ರಿಯಲ್ಲಿ, ಅಂದ್ರೆ ಸಿಇಟಿ ಆದ ಮೇಲೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಹಾಕೋ ಪಟ್ಟಿಯಲ್ಲಿ, ಮೇಲೇ ಹಾಕಿ, ಸಿಕ್ಕರೆ ಫೀಸಿನ ಚಿಂತೆ ಎಷ್ಟೋ ಕಮ್ಮಿ ಆಗುತ್ತೆ.

ಫೀಸ್ ಕಟ್ಟೋ ಮುಂಚೆ ಒಂದು ವಾರ ಸಂಜೆ ಆರರಿಂದ ಒಂಬತ್ತರವರೆಗೆ ಚೈತ್ರಾನ ನಿಮ್ಮೂರಿನ ಯಾವುದಾದ್ರೂ ಒಳ್ಳೆ ಮೆಡಿಕಲ್ಸಲ್ಲಿ, ಓನರ್‌ಗೆ ಹೇಳಿ, ಬರೀ ನೋಡೋದಕ್ಕೆ ಕೂರಿಸು. ಬೇಜಾರಾಯ್ತಾ, ಕುತೂಹಲ ಬಂತಾ ಅಂತ ಅವಳನ್ನೇ ಕೇಳು, ನೀನು ಊಹೆ ಮಾಡಬೇಡ. ಅಷ್ಟರಲ್ಲಿ ಅವಳ ಪಿಯುಸಿ ಮಾರ್ಕ್ಸ್ ಕಾರ್ಡು, ಸಿಇಟಿ ರ‍್ಯಾಂಕು ನನಗೆ ವಾಟ್ಸಾಪ್ ಮಾಡು. ಆಪ್ಷನ್ ಎಂಟ್ರಿ ಯಾವ ಕ್ರಮದಲ್ಲಿ ಹಾಕಬೇಕು ಅಂತ ಕೂತು ನೋಡೋಣ.

ಇಂತಿ ನಿನ್ನ,
ಶಿವಣ್ಣ