ಗಡ್ಡೆ ಬೇಡ, ಬೀಜ ಕಳಿಸುತ್ತೇನೆ

ಪ್ರಿಯ ಗಿರೀಶ,

ನಿನ್ನ ಮೆಸೇಜು ನೋಡಿದೆ. ಬೆಂಗಳೂರಿನ ಮನೆ ತಾರಸಿಯಲ್ಲಿ ಗೌರಿ ಹೂ, ಅದೇ ಅಗ್ನಿಶಿಖೆ ಬಳ್ಳಿ, ಬೆಳೆಸಬೇಕು, ಊರಿನ ಕಾಡಿಂದ ಒಂದೆರಡು ಗಡ್ಡೆ ಕಿತ್ತು ಕಳಿಸು ಅಂದಿದ್ದೀಯ. ಗಡ್ಡೆ ಕಳಿಸುವುದಿಲ್ಲ ಮಾರಾಯ. ಬೀಜ ಕಳಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ನಾವು ಸಣ್ಣವರಿದ್ದಾಗ ಗಣಪತಿಯ ಮೇಲೆ ಹಣ್ಣು, ಹೂ ತೂಗುಬಿಡುವ ಫಲಾವಳಿ ಕಟ್ಟಲು ಈ ಹೂ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಬೇಲಿ ಮೇಲೆ, ರಸ್ತೆ ಪಕ್ಕ ಗೋಡೆಯಂತೆ ನಿಂತ ಮಣ್ಣಿನ ದರೆ ಮೇಲೆ ಸಿಗುತ್ತಿತ್ತು. ಈಗ ದರೆಗೆ ಜೆಸಿಬಿ ಬಂದಿದೆ. ಬೇಲಿ ಹೋಗಿ ತಂತಿ ಬಂದಿದೆ. ಉಳಿದ ಕಡೆ ಕಳೆನಾಶಕ ಹೊಡೆಯುತ್ತಾರೆ. ಅದರ ಮೇಲೆ ಔಷಧಿಗೆಂದು ಗಡ್ಡೆ ಕೀಳುವವರು ಬೇರೆ.

ಗಡ್ಡೆಯದ್ದು ಇನ್ನೊಂದು ತಕರಾರಿದೆ. ಹೂ ಬಿಟ್ಟ ಮೇಲೆಯೇ ತಾನೇ ಬಳ್ಳಿ ಎಲ್ಲಿದೆ ಅಂತ ಗೊತ್ತಾಗುವುದು? ಆ ಹೊತ್ತಿಗೆ ಹಳೇ ಗಡ್ಡೆ ಕರಗುತ್ತಿರುತ್ತದೆ, ಹೊಸದು ಇನ್ನೂ ಬಲಿತಿರುವುದಿಲ್ಲ. ಆಗ ಅಗೆದರೆ ಎರಡೂ ಹೋಯಿತು. ಬಲಿತದ್ದನ್ನೇ ಅಗೆದರೂ ಗಡ್ಡೆಯ ಒಂದೊಂದು ಕವಲಿನ ತುದಿಯಲ್ಲಿ ಇರುವುದು ಒಂದೇ ಮೊಳಕೆ ಕಣ್ಣು. ಅದು ಮುರಿದರೆ ಆ ಕವಲು ಮತ್ತೆ ಚಿಗುರುವುದಿಲ್ಲ. ನೀನು ಅಕ್ಕರೆಯಿಂದ ಕುಂಡಕ್ಕೆ ಹಾಕಿ ವರ್ಷಪೂರ್ತಿ ಮಣ್ಣು ನೋಡುತ್ತಾ ಕೂರಬೇಕು ಅಷ್ಟೆ.

ಬೀಜ ನಮ್ಮ ಹಿತ್ತಲ ಬೇಲಿಯ ಬಳ್ಳಿಯದ್ದೇ. ಕಾಯಿ ಒಣಗಿ ಮೂರು ಹೋಳಾಗಿ ಬಿರಿದಾಗ ಒಳಗೆ ಕೆಂಪು ಬೀಜಗಳು ಸಾಲಾಗಿ ಅಂಟಿಕೊಂಡಿರುತ್ತವೆ. ನೋಡಿದರೆ ದಾಳಿಂಬೆ ಕಾಳು ಅನ್ನಿಸುತ್ತದೆ, ನನಗೆ ಹೆದರಿಕೆ ಇರುವುದು ಅದಕ್ಕೇ. ಗಿಡದ ಎಲ್ಲ ಭಾಗವೂ ವಿಷ. ಗಡ್ಡೆ, ಬೀಜದಲ್ಲಿ ಕಾಲ್ಚಿಸಿನ್ ಅನ್ನುವ ವಿಷ ಜಾಸ್ತಿ. ಗೆಣಸು ಅಂದುಕೊಂಡು ಗಡ್ಡೆ ಬೇಯಿಸಿ ತಿಂದು ಸತ್ತವರಿದ್ದಾರೆ. ಪೊಟ್ಟಣ ಬಂದ ಕೂಡಲೇ ಪುಟ್ಟಿಯ ಕೈಗೆ ಸಿಗದಷ್ಟು ಎತ್ತರದಲ್ಲಿಡು. ಇದೇ ಕಾಲ್ಚಿಸಿನ್ನಿಂದ ಕೀಲು ಊದಿ ನೋಯುವ ಗೌಟ್ ಕಾಯಿಲೆಗೆ ಮಾತ್ರೆ ಮಾಡುತ್ತಾರೆ. ತಮಿಳುನಾಡಿಗೆ ಇದು ರಾಜ್ಯದ ಹೂ. ದಿಂಡಿಗಲ್, ತಿರುಪ್ಪೂರು ಕಡೆ ರೈತರು ಬೀಜಕ್ಕಾಗಿಯೇ ಇದನ್ನು ಚಪ್ಪರ ಹಾಕಿ ಬೆಳೆಸುತ್ತಾರೆ. ನಮ್ಮಲ್ಲಿ ಮಾತ್ರ ಕಳೆ!

ಈಗಲೇ ಬಿತ್ತಬೇಡ. ಹೊಸ ಬೀಜ ತಿಂಗಳುಗಟ್ಟಲೆ ಮಲಗಿರುತ್ತದೆ, ಎಷ್ಟು ನೀರು ಹಾಕಿದರೂ ಏಳುವುದಿಲ್ಲ. ಕಾಗದದ ಪೊಟ್ಟಣದಲ್ಲೇ ಇರಲಿ. ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದ ಮೇಲೆ ಒಂದು ಹಗಲು ಒಂದು ರಾತ್ರಿ ನೆನೆಹಾಕು. ಮೇಲಿನ ಕೆಂಪು ಸಿಪ್ಪೆ ಮೆತ್ತಗಾಗುತ್ತದೆ, ಉಜ್ಜಿ ತೆಗೆ. ಒಳಗಿನ ಬೀಜ ಕಲ್ಲಿನಷ್ಟು ಗಟ್ಟಿ. ಕೈಗವಸು ಹಾಕಿಕೋ, ಆಮೇಲೆ ಸೋಪು ಹಚ್ಚಿ ಕೈ ತೊಳಿ. ಮರಳು, ಕೆಂಪು ಮಣ್ಣು, ಹಳೇ ಗೊಬ್ಬರ ಬೆರೆಸಿದ ಆಳದ ಕುಂಡದಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಕೆಳಗೆ ಹಾಕು. ನೀರು ನಿಲ್ಲಬಾರದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ, ಆದರೂ ಗಡ್ಡೆ ಕೊಳೆಯುವುದಿಲ್ಲ. ಯಾಕೆ ಹೇಳು? ದರೆಯ ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ನಿಲ್ಲುವುದೇ ಇಲ್ಲ.

ಮೊಳಕೆ ಎಲ್ಲ ಒಟ್ಟಿಗೆ ಬರುವುದಿಲ್ಲ. ಒಂದು ತಿಂಗಳಿಗೆ ಒಂದು, ಎರಡು ತಿಂಗಳಿಗೆ ಇನ್ನೊಂದು. ಮೊದಲ ವರ್ಷ ಹುಲ್ಲೋ ಅನ್ನಿಸುವಂಥ ನಾಲ್ಕು ಎಲೆ ಅಷ್ಟೆ. ನಿನ್ನ ಮನೆಕೆಲಸದಾಕೆ ಕಿತ್ತೆಸೆಯದ ಹಾಗೆ ನೋಡಿಕೋ. ಎಲೆಯ ತುದಿಯೇ ಸುರುಳಿಯಾಗಿ ಕಡ್ಡಿಯನ್ನು ಹಿಡಿಯುತ್ತದಲ್ಲ, ಆ ಚಂದ ಬಳ್ಳಿ ಬೆಳೆದ ಮೇಲೆ. ನವೆಂಬರ್ ಹೊತ್ತಿಗೆ ಎಲ್ಲ ಒಣಗುತ್ತದೆ. ಬಹಳ ಜನ ಎಡವುವುದು ಇಲ್ಲೇ. ಗಿಡ ಸತ್ತಿತು ಅಂತ ಕುಂಡ ಬೋರಲು ಹಾಕುತ್ತಾರೆ, ಇಲ್ಲಾ ಪಾಪ ಅಂತ ನೀರು ಹೊಯ್ದು ಕೊಳೆಸುತ್ತಾರೆ. ಒಳಗೆ ಪುಟಾಣಿ ಗಡ್ಡೆ ಇರುತ್ತದೆ. ಕುಂಡವನ್ನು ಮಳೆ ಬೀಳದ ಮೂಲೆಗೆ ಸರಿಸಿ ಸುಮ್ನೆ ಬಿಡು. ಮುಂದಿನ ಮುಂಗಾರಿಗೆ ತಾನೇ ಏಳುತ್ತದೆ. ಹೂವಿಗೆ ಮೂರನೆಯ ಇಲ್ಲವೇ ನಾಲ್ಕನೆಯ ಮಳೆಗಾಲದವರೆಗೆ ಕಾಯಬೇಕು.

ಹೂ ಬಿಟ್ಟಾಗ ಬೆಳಿಗ್ಗೆ ಬೆಳಿಗ್ಗೆ ನೋಡು. ಎಸಳು ಹಸಿರು ಮಿಶ್ರಿತ ಹಳದಿ ಇರುತ್ತದೆ, ದಿನ ಕಳೆದ ಹಾಗೆ ಕಿತ್ತಳೆಯಾಗಿ, ಆಮೇಲೆ ಕಡುಕೆಂಪು. ಆರು ಎಸಳೂ ಹಿಂದಕ್ಕೆ ಬಾಗಿ ಮೇಲೆ ನೋಡುತ್ತವೆ. ನಡುವಿನ ಶಲಾಕೆ, ಅಂದರೆ ಪರಾಗ ಮುಟ್ಟಬೇಕಾದ ಕಡ್ಡಿ, ಬುಡದಲ್ಲೇ ಅಡ್ಡ ಬಾಗಿ ಪಕ್ಕಕ್ಕೆ ಚಾಚಿರುತ್ತದೆ, ಪರಾಗ ಇರುವ ಕೇಸರಗಳಿಂದ ದೂರ. ಇಲ್ಲಿ ಚಿಟ್ಟೆ, ಸೂರಕ್ಕಿ ಬಂದು ಪರಾಗ ಮುಟ್ಟಿಸುತ್ತವೆ. ನಿನ್ನ ಮೂರನೇ ಮಹಡಿಗೆ ಯಾರು ಬರುತ್ತಾರೋ! ಮಕ್ಕಳ ಪೇಂಟಿಂಗ್ ಬ್ರಷ್ ತಗೊಂಡು ನೀನೇ ಮುಟ್ಟಿಸು. ತಮಿಳುನಾಡಿನ ರೈತರೂ ಬೆಳಿಗ್ಗೆ ಕೈಯಾರೆ ಮಾಡುವ ಕೆಲಸವೇ ಇದು. ಕಾಯಿ ಕಟ್ಟಿದರೆ ಬೀಜ ನನಗೆ ಬೇಡ, ನಿನ್ನ ಬೀದಿಯಲ್ಲಿ ಹಂಚು. ವಿಷದ ಮಾತು ಹೇಳಿಯೇ ಹಂಚು.

‘ಅಸಲಿ ಕಾಡು ಲಿಲ್ಲಿ ಸಿಗಲ್ವಾ’ ಅಂತಲೂ ಕೇಳಿದ್ದೀಯ. ಗೌರಿ ಹೂವನ್ನು ಮೊದಲು ಲಿಲ್ಲಿ ಕುಟುಂಬಕ್ಕೇ ಸೇರಿಸಿದ್ದರು, ಈಗ ಬೇರೆ ಮಾಡಿದ್ದಾರೆ. ದಕ್ಷಿಣ ಭಾರತದ್ದೇ ಆದ ಅಸಲಿ ಲಿಲ್ಲಿ ಒಂದೇ ಒಂದು, ನೀಲಗಿರಿ, ಪಳನಿ ಬೆಟ್ಟಗಳ ಉದ್ದ ಕಹಳೆಯ ಬಿಳಿ ಹೂ. ಅದು ತಂಪು ಬೆಟ್ಟದ ಗಿಡ, ತಾರಸಿಯ ಬಿಸಿಲಿಗೆ ತಂದು ಅದನ್ನು ಗೋಳಾಡಿಸುವುದು ಬೇಡ.

ಸೋಮವಾರ ಅಂಚೆಗೆ ಹಾಕುತ್ತೇನೆ. ವಿಳಾಸ ಹಳೆಯದೇ ಅಲ್ವಾ?

ನಿನ್ನ,
ಸುಬ್ಬು
ತೀರ್ಥಹಳ್ಳಿ