ಹೀಟ್ ಪಂಪ್ ಅರ್ಜಿಗಳು: ಶನಿವಾರ ಸಭೆ

ಎಲ್ಲರಿಗೂ ನಮಸ್ಕಾರ.

ಮಾಸಾಚುಸೆಟ್ಸ್‌ನ ಕಡಿಮೆ ಆದಾಯದ ಮನೆಗಳಿಗೆ ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆ ತಂದು ಮನೆ ಬೆಚ್ಚಗಿಡುವ ಯಂತ್ರ) ಅರ್ಜಿ ತುಂಬಿಕೊಡೋಣ ಅಂತ ಮಾತಾಡಿದ್ದೆವಲ್ಲ, ಅದರ ಸಭೆ ಈ ಶನಿವಾರ ಬೆಳಿಗ್ಗೆ 11ಕ್ಕೆ, ಎಂದಿನ ಲೈಬ್ರರಿ ಕೋಣೆಯಲ್ಲಿ. ಹೆಸರು ಕೊಟ್ಟವರೆಲ್ಲ ದಯವಿಟ್ಟು ಬನ್ನಿ.

ಮನೆಯ ಆದಾಯ ರಾಜ್ಯದ ಮೀಡಿಯನ್ (ನಟ್ಟನಡುವಿನ ಮನೆಯ) ಆದಾಯದ ಶೇ. 60ರೊಳಗಿದ್ದರೆ, ಇಲ್ಲಿನ ಕರೆಂಟ್, ಗ್ಯಾಸ್ ಕಂಪನಿಗಳು ನಡೆಸುವ ಮಾಸ್ ಸೇವ್ ಯೋಜನೆಯಲ್ಲಿ ಪಂಪ್ ಉಚಿತವಾಗಿ ಹಾಕಿಸಿಕೊಳ್ಳುವ ಅವಕಾಶವಿದೆ. ಮೊದಲು ಮನೆ ತಪಾಸಣೆ, ಇನ್ಸುಲೇಷನ್ (ಶಾಖ ಸೋರದಂತೆ ಗೋಡೆ, ಚಾವಣಿಗೆ ಹೊದಿಕೆ), ಪಂಪ್ ಆಮೇಲೆ. ಗಾಳಿ ಸೋರುವ ಮನೆಗೆ ಪಂಪ್ ಹಾಕುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಒಂದು ಮಾತು. ಎಣ್ಣೆ ಅಥವಾ ಹಳೇ ಎಲೆಕ್ಟ್ರಿಕ್ ಹೀಟರ್ ಇರುವ ಮನೆಗಳನ್ನೇ ಮೊದಲು ಹಿಡಿಯೋಣ. ಇಲ್ಲಿನ ಕರೆಂಟ್ ದರದಲ್ಲಿ ಗ್ಯಾಸ್ ಮನೆಗಳ ಬಿಲ್ ಏರಲೂಬಹುದು. ಉಪಕಾರಕ್ಕೆ ಹೋಗಿ ಅವರಿಗೆ ಹೊರೆ ಹೊರಿಸುವುದು ಬೇಡ. ಚಳಿಗಾಲಕ್ಕೆ ಹೀಟ್ ಪಂಪ್ ಮನೆಗಳಿಗೆ ರಿಯಾಯಿತಿ ದರವಿದೆ, ಅದನ್ನೂ ಕೇಳಿಕೊಳ್ಳಲು ಅವರಿಗೆ ಹೇಳಿ.

ಬೆಲ್ಮಾಂಟ್, ನಾರ್ವುಡ್‌ನಂಥ ಊರುಗಳಲ್ಲಿ ಕರೆಂಟ್ ಪುರಸಭೆಯದು, ಅಲ್ಲಿಗೆ ಮಾಸ್ ಸೇವ್‌ನ ಹೀಟ್ ಪಂಪ್ ನೆರವಿಲ್ಲ. ಆ ಹೆಸರುಗಳು ಬೇರೆ ಪಟ್ಟಿಗೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕು, ಇದಕ್ಕೇ ಹೆಚ್ಚು ಅಲೆದಾಟ.

ನಿಮಗೆ ಗೊತ್ತಿರುವ ಮನೆಯವರಿಗೆ ಇತ್ತೀಚಿನ ಕರೆಂಟ್ ಬಿಲ್, ಆದಾಯದ ದಾಖಲೆ ಜೋಡಿಸಿಡಲು ಹೇಳಿ. ಅವರ ವಿವರ ಗುಂಪಿನಲ್ಲಿ ಹಾಕಬೇಡಿ. ಸ್ಪ್ಯಾನಿಷ್ ಅಥವಾ ಪೋರ್ಚುಗೀಸ್ ಬಲ್ಲವರಿದ್ದರೆ ತಿಳಿಸಿ, ತುಂಬಾ ಬೇಕಾಗಿದ್ದಾರೆ.

ಬರುವವರು ಗುರುವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಕಾಫಿ ಫ್ಲಾಸ್ಕ್ ನಾನು ತರ್ತೀನಿ.