ಹದಿನೈದನೇ ಕಾರಿನಿಂದ ಒಂದು ಪತ್ರ

ಲೋ ಮಹರಾಯ,

ಹೇಗಿದ್ದೀಯ ಅಂತ ಕೇಳಲ್ಲ. ಕೇಳಿದ್ರೆ ನೀನು ಕೊಡೋ ಉತ್ತರ ನಾಲ್ಕು ಜನ ಓದೋ ಜಾಗದಲ್ಲಿ ಹಾಕೋ ಹಾಗಿರಲ್ಲ. ಛತ್ರಿ ವಿಷಯಾನೂ ಎತ್ತಲ್ಲ.

ಆಫೀಸಿನ ದಾರೀಲಿ ಸಿಗೋ ಆ ಸರ್ಕಲ್ ಇದೆಯಲ್ಲ, ಒಂದು ತಿಂಗಳಿಂದ ಅದರ ಸಿಗ್ನಲ್‌ಗೆ ತಲೆ ಕೆಟ್ಟಿದೆ. ಪಕ್ಕದ ರಸ್ತೇಲಿ ಒಂದು ನರಪಿಳ್ಳೆ ಇಲ್ಲ, ಅಲ್ಲಿಗೆ ಪೂರಾ ಹಸಿರು. ಇತ್ತ ನಾವು ಹನುಮಂತನ ಬಾಲ. ಯಾಕಿರಬಹುದು ಅಂತ ಹುಡುಕಿದೆ. ಡಾಂಬರಿನೊಳಗೆ ತಂತಿಯ ಸುರುಳಿ ಹೂತಿರ್ತಾರೆ, ಮೇಲೆ ಗಾಡಿ ಬಂದ್ರೆ ಅದಕ್ಕೆ ಗೊತ್ತಾಗುತ್ತೆ. ರಸ್ತೆ ಅಗೆಯುವಾಗ ಆ ತಂತಿ ತುಂಡಾದ್ರೆ, ಎಷ್ಟೋ ಕಡೆ ಸಿಗ್ನಲ್ ಪೆಟ್ಟಿಗೆ 'ಅಲ್ಲಿ ಯಾರೋ ಕಾಯ್ತಿದ್ದಾರೆ' ಅಂತಲೇ ಲೆಕ್ಕ ಹಿಡಿದು ಖಾಲಿ ರಸ್ತೆಗೆ ಹಸಿರು ಕೊಡ್ತಾ ಹೋಗುತ್ತೆ. ನಮ್ಮಲ್ಲೂ ಅದೇ ಆಗಿರಬೇಕು. ಅಗೆದು ಮುಚ್ಚಿದ ಗುರುತು ಇನ್ನೂ ಹಾವಿನ ಥರ ಬಿದ್ಕೊಂಡಿದೆ.

ನಮ್ಮ ಸರದಿ ಬಂದ್ರೂ ಸುಖ ಇಲ್ಲ. ಆಚೆ ರಸ್ತೆ ತುಂಬಿರುತ್ತೆ, ಯಾರೋ ಒಬ್ಬ ನುಗ್ಗಿ ನಟ್ಟನಡುವೆ ನಿಂತುಬಿಡ್ತಾನೆ, ಅಡ್ಡ ರಸ್ತೆಯವರ ಹಸಿರೆಲ್ಲ ಅವನ ಬಾಗಿಲು ನೋಡೋದ್ರಲ್ಲೇ ಮುಗಿಯುತ್ತೆ. ಮೊನ್ನೆ ಆ ಒಬ್ಬ ನಾನೇ. ಎದುರಿಗೆ ಬಸ್ಸು. ಡ್ರೈವರ್ ಬೈಯಲಿಲ್ಲ ಕಣೋ. ನನ್ನನ್ನೇ ನೋಡ್ತಾ ಕನ್ನಡಕ ತೆಗೆದು, ನಿಧಾನವಾಗಿ ಒರೆಸಿಕೊಂಡು, ಮತ್ತೆ ಹಾಕ್ಕೊಂಡ.

ಹಸಿರು ಬಿದ್ದ ಮೇಲೂ ಮೊದಲ 2 ಸೆಕೆಂಡ್ ಪೋಲು. ಬ್ರೇಕಿನಿಂದ ಕಾಲು ಏಳೋಕೆ ಹಿಡಿಯೋ ಹೊತ್ತು ಅದು. ಸಿಗ್ನಲ್ ಲೆಕ್ಕ ಹಾಕೋ ಇಂಜಿನಿಯರುಗಳು ಅದಕ್ಕೆ 'ಲಾಸ್ಟ್ ಟೈಮ್', ಅಂದ್ರೆ ಕಳೆದುಹೋದ ಹೊತ್ತು, ಅಂತಲೇ ಹೆಸರಿಟ್ಟಿದ್ದಾರೆ. ಆಮೇಲೆ ಒಂದು ಸಾಲಿನಲ್ಲಿ 2 ಸೆಕೆಂಡಿಗೊಂದು ಗಾಡಿ. 30 ಸೆಕೆಂಡಿನ ಹಸಿರಿಗೆ 14 ಕಾರು. ಕೂತು ಎಣಿಸಿದ್ದೀನಿ. ಹದಿನೈದನೆಯದು ಯಾವಾಗಲೂ ನಂದೇ.

ಹೀಗೆ ಎಣಿಸ್ತಾ ಕೂತಾಗ ಆ ಸಂಜೆ ನೆನಪಾಯ್ತು. ನಿಮ್ಮಪ್ಪ ಆಸ್ಪತ್ರೇಲಿದ್ರು. ನೀನು ಮೂರು ಸಲ ಫೋನ್ ಮಾಡ್ದೆ, ಮೂರು ಸಲವೂ ನಾನು 'ಸಿಗ್ನಲ್‌ನಲ್ಲಿ ಸಿಕ್ಕಾಕ್ಕೊಂಡಿದ್ದೀನಿ, ಗಾಡಿ ಅಲ್ಲಾಡ್ತಿಲ್ಲ' ಅಂದೆ. ಅಲ್ಲಾಡ್ತಿರಲಿಲ್ಲ, ನಿಜ. ಸರ್ಕಲ್ ದಾಟಿ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದ್ದೆ. ಆಗಿನ್ನೂ ಸಿಗ್ನಲ್ ನೆಟ್ಟಗಿತ್ತು. ಕನ್ನಡೀಲಿ ಹನ್ನೊಂದು ಸಲ ಹಸಿರಾಗಿದ್ದು ನೋಡ್ದೆ. ಬಂದು ನಿನ್ನ ಮುಂದೆ ನಿಂತು ಏನು ಮಾತಾಡ್ಲಿ ಅನ್ನೋದೇ ತಿಳೀಲಿಲ್ಲ. ನಾನು ಬರೋ ಹೊತ್ತಿಗೆ ಅಷ್ಟೂ ಕಾಗದಕ್ಕೆ ನೀನೊಬ್ಬನೇ ಸಹಿ ಹಾಕಿ ಮುಗಿಸಿದ್ದೆ. 'ಏನು ಹಾಳು ಟ್ರಾಫಿಕ್ಕೋ' ಅಂದು ನನಗೇ ನೀರಿನ ಬಾಟ್ಲಿ ಕೊಟ್ಟೆ.

ಬರೆಯೋಕೆ ಕೂತಿದ್ದು ತಂತಿ ಬಗ್ಗೆ ಕಣೋ. ಬಿಡು. 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಹತ್ತಿರ ಗ್ಯಾಸ್ ದೀಪದ ಸಿಗ್ನಲ್ ನೆಟ್ಟಿದ್ರು, ತಿಂಗಳು ತುಂಬೋದ್ರೊಳಗೆ ಸಿಡಿದು ಪಾಪ ಪೊಲೀಸಪ್ಪನಿಗೆ ಗಾಯ. ನಮ್ಮದಕ್ಕೆ ಸಿಡಿಯೋ ಉತ್ಸಾಹವೂ ಇಲ್ಲ.

ಭಾನುವಾರ ಬರ್ತೀನಿ. ತಡವಾದ್ರೆ ಫೋನ್ ಮಾಡಬೇಡ. ಛತ್ರಿ ತರ್ತೀನಿ.

ನಿನ್ನ,
ಹದಿನೈದನೇ ಕಾರಿನವನು